ಕೌದಿ ಮಾಸ್ತರರು

1956ರ ನವೆಂಬರ್ ಒಂದನೆಯ ತಾರೀಖು, ಗುರುವಾರ, ಗದಗದ ಶಾಲೆಯೊಂದರ ಬಯಲಿನಲ್ಲಿ ನಡೆಯಬೇಕಿದ್ದ ಯೋಗಾಸನಗಳ ಪ್ರದರ್ಶನ ನಡೆಯಲಿಲ್ಲ. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದಾದ ದಿನ ಅದು. ಮೆರವಣಿಗೆ, ಭಾಷಣ, ಸಕ್ಕರೆ ಹಂಚುವುದು ಎಲ್ಲವೂ ಗೊತ್ತುಮಾಡಿದಂತೆ ನಡೆದವು. ಆಸನಗಳನ್ನು ಮಾಡಿಸಬೇಕಿದ್ದ ಮಾಸ್ತರರು ಮಾತ್ರ ಬರಲಿಲ್ಲ. ಬಯಲಿಗೆ ಹಾಸಿದ್ದ ಜಮಖಾನೆಗಳನ್ನು ಮಧ್ಯಾಹ್ನವೇ ಸುತ್ತಿಟ್ಟರು. ನಾನು ಆಗ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಗದಗ-ಬೆಟಗೇರಿಯ ಬಾತ್ಮೀದಾರ. ಅಂದು ಕಳಿಸಿದ ವರದಿಯ ಕೊನೆಯಲ್ಲಿ "ಕಾರಣಾಂತರದಿಂದ ಯೋಗ ಪ್ರದರ್ಶನ ನಡೆಯಲಿಲ್ಲ" ಎಂದು ಬರೆದೆ. ಪತ್ರಿಕೆಯಲ್ಲಿ ಆ ಪದಕ್ಕೆ ಜಾಗ ಇರುತ್ತದೆ, ಕಾರಣಕ್ಕೆ ಇರುವುದಿಲ್ಲ. ಮಾಸ್ತರರು ಈಗ ಇಲ್ಲ. ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಬೆಟಗೇರಿಯ ಶಾಲೆಯೊಂದರಲ್ಲಿ ಕವಾಯತು ಕಲಿಸುತ್ತಿದ್ದರು. ಶಾಲೆಗೆ ಮೊದಲು, ಬೆಳಗಿನ ಹೊತ್ತು, ನೇಕಾರರ ಓಣಿಯ ತಮ್ಮ ಮನೆಯ ಪಡಸಾಲೆಯಲ್ಲಿ ದೊಡ್ಡವರಿಗೆ ಆಸನ ಹೇಳಿಕೊಡುತ್ತಿದ್ದರು. ಕುಳ್ಳ ಮೈ, ಮೊಣಕಾಲಿನವರೆಗಿನ ಖಾಕಿ ಚಡ್ಡಿ, ಮೇಲೊಂದು ಬಿಳಿ ಬನಿಯನ್. ಮಾತಾಡುವಾಗ ಎದುರಿಗಿರುವವರ ಮುಖ ನೋಡುತ್ತಿರಲಿಲ್ಲ. ಅವರ ಕಣ್ಣು ಮಂದಿಯ ಮಂಡಿಯ ಮೇಲೆ ಇರುತ್ತಿತ್ತು. ಸಂತೆಯಲ್ಲಿ ಗುರುತಿನವರು ಸಿಕ್ಕರೂ ಅಷ್ಟೇ. "ನಿಮ್ಮ ಬಲಗಾಲು ಆರಾಮ ಆತು ನೋಡ್ರಿ" ಎಂದು ಮೊದಲು ಹೇಳಿ, ಆಮೇಲೆ ತಲೆ ಎತ್ತಿ, "ಓಹೋ, ನೀವs ಏನ್ರಿ!" ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು 1948ರಲ್ಲಿ. ಆ ವರ್ಷ ಹೈದರಾಬಾದಿನ ಗಡಿಯ ಗಲಾಟೆಯ ಸುದ್ದಿ ತರಲು ನಾನು ಡಂಬಳದ ಮೇಲೆ ಹಾಯ್ದು ಮುಂಡರಗಿಗೆ ಮೇಲಿಂದ ಮೇಲೆ ಸೈಕಲ್ ತುಳಿಯುತ್ತಿದ್ದೆ. ಗಡಿ ಶಾಂತವಾಯಿತು. ತುಳಿದು ತುಳಿದು ಹಿಡಿದ ನನ್ನ ನೋವು ಶಾಂತವಾಗಲಿಲ್ಲ. ಸೈಕಲ್ಲಿನಿಂದ ಇಳಿಯುವಾಗ ಕಾಲು ಎತ್ತಿದರೆ ಯಾರೋ ಒಳಗಿನಿಂದ ಸೂಜಿ ಹಾಕಿದ ಹಾಗೆ ಆಗುತ್ತಿತ್ತು. ಎಣ್ಣೆ ತಿಕ್ಕಿದೆ, ಬಿಸಿ ಇಟ್ಟಿಗೆ ಇಟ್ಟುಕೊಂಡೆ. ಗದಗಿನ ಛಾಪಖಾನೆಯ ಮೊಳೆ ಜೋಡಿಸುವ ಗೆಳೆಯನೊಬ್ಬ, "ಕೌದಿ ಮಾಸ್ತರ ಕಡೆ ಹೋಗೋ ಮಾರಾಯಾ" ಎಂದ.

ಹೋದಾಗ ಪಡಸಾಲೆಯಲ್ಲಿ ಏಳೆಂಟು ಜನ ಬೇರೆ ಬೇರೆ ಭಂಗಿಯಲ್ಲಿದ್ದರು.

"ಎಲ್ಲಿ ನೋವು?" ಎಂದರು ಮಾಸ್ತರರು.

"ಟೊಂಕದಾಗ್ರಿ."

"ಟೊಂಕ ಅನ್ನೂದು ಗದಗ ಜಂಕ್ಷನ್ ಇದ್ದಂಗ್ರಿ. ಬಿಜಾಪುರದ ಗಾಡಿನೂ ಅಲ್ಲೇ ಬರ್ತೈತಿ, ಗುಂತಕಲ್ಲಿಂದೂ ಅಲ್ಲೇ ಬರ್ತೈತಿ. ನಿಮ್ಮ ಗಾಡಿ ಯಾವ ಕಡಿಯಿಂದ ಬಂತು? ಬೆರಳಿಟ್ಟು ತೋರಸ್ರಿ."

ಜನ ಇದ್ದರು. ನಾನು ನಡುವಿನ ಪಕ್ಕಕ್ಕೆ ಎಲ್ಲೋ ಬೆರಳು ಇಟ್ಟೆ.

"ಖರೇನ ಅಲ್ಲೇನು?"

"ಅಲ್ಲ್ರಿ."

"ಮತ್ತ?"

ಗೋಡೆಯ ಕಡೆ ತಿರುಗಿ ತೊಡೆಯ ಸಂದಿಯಲ್ಲಿ ಬೆರಳಿಟ್ಟೆ. ಮಾಸ್ತರರು ಬಗ್ಗಿ ನೋಡಿದರು.

"ಹಾಂ, ಈಗ ಬಂತು ನೋಡ್ರಿ ಗಾಡಿ. ಪೇಪರಿನವರು ನೀವು, ಠಿಕಾಣಾನs ತಪ್ಪು ಹೇಳಿದ್ರ ಹೆಂಗ್ರಿ?"

ಪಡಸಾಲೆಯ ತುಂಬ ನಗೆ. ನಾಳೆಯಿಂದ ಒಂದು ಕೌದಿ ತರಬೇಕೆಂದು ಹೇಳಿದರು. ಹಳೆಯ ಸೀರೆ, ಧೋತರದ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಈ ಹೊದಿಕೆ ನಮ್ಮ ಕಡೆ ಇಲ್ಲದ ಮನೆಯಿಲ್ಲ. ಅವರ ಶಿಷ್ಯರೆಲ್ಲ ಬೆಳಿಗ್ಗೆ ಹೆಗಲ ಮೇಲೆ ಕೌದಿ ಹಾಕಿಕೊಂಡು ಓಣಿಯಲ್ಲಿ ಬರುತ್ತಿದ್ದರು. ಪಕ್ಕದ ಗರಡಿಮನೆಯ ಹುಡುಗರಿಗೆ ಇದೊಂದು ತಮಾಷೆ. "ಲೇ, ಆಸನ ಮಾಡಾಕಲ್ಲಲೇ, ಮಕ್ಕೊಳ್ಳಾಕ ಹೊಂಟಾರ!" ಎಂದು ಕೂಗುತ್ತಿದ್ದರು. ಮಾಸ್ತರರು ಕಿಟಕಿಯಿಂದಲೇ ಉತ್ತರ ಕೊಡುತ್ತಿದ್ದರು: "ಈಗ ಬೈಠಕ್ ಹೊಡೀರೆಪಾ ಹೊಡೀರಿ. ಮುಂದ ಕೌದಿ ಹೊಲಸಿಕೊಂಡು ಇಲ್ಲೇ ಬರಾವ್ರು ನೀವು."

ಕೌದಿಯ ಕೆಲಸ ಸರಳವಾಗಿತ್ತು. ಪದ್ಮಾಸನ ಯಾರಿಗೂ ಇರಲಿಲ್ಲ. ಕೌದಿಯನ್ನು ಮಡಿಸಿ ಮಡಿಸಿ ಎತ್ತರ ಮಾಡಿ, ಅದರ ಅಂಚಿಗೆ ಕೂರಿಸಿ, ಕಾಲುಗಳನ್ನು ಮುಂದೆ ಸಡಿಲವಾಗಿ ಅಡ್ಡ ಹಾಕಿಸುತ್ತಿದ್ದರು. ಮಂಡಿ ಟೊಂಕಕ್ಕಿಂತ ಕೆಳಗೆ ಬಂದಿತೋ ಇಲ್ಲವೋ ಎಂಬುದೊಂದೇ ಅವರ ಲೆಕ್ಕ. ಬಾರದಿದ್ದರೆ ಇನ್ನೊಂದು ಮಡಿಕೆ. ಮಂಡಿ ಗಾಳಿಯಲ್ಲಿ ತೂಗುತ್ತಿದ್ದರೆ ಅದರ ಕೆಳಗೆ ಮತ್ತೊಂದು ಸುರುಳಿ. ತ್ರಿಕೋನಾಸನಕ್ಕೆ ಕಾಲುಗಳ ಅಂತರ ಕಡಿಮೆ ಮಾಡಿಸಿ, ಕೈಯನ್ನು ನೆಲಕ್ಕೆ ಮುಟ್ಟಿಸದೆ ಕುರ್ಚಿಯ ಮೇಲೆ ಇಡಿಸುತ್ತಿದ್ದರು. ವೀರಭದ್ರಾಸನದಲ್ಲಿ ಹಿಂದಿನ ಹಿಮ್ಮಡಿಗೆ ಗೋಡೆಯ ಆಸರೆ. ಮುಂದಕ್ಕೆ ಬಗ್ಗುವಾಗ ಮೊಣಕಾಲು ತುಸು ಮಡಚಿರಬೇಕು. ನನ್ನಂಥವರಿಗೆ ಅಂಗಾತ ಮಲಗಿಸಿ, ಒಂದು ಪಾದದ ಹರಡನ್ನು ಇನ್ನೊಂದು ತೊಡೆಯ ಮೇಲೆ ಇಡಿಸಿ, ಉಸಿರು ಬಿಡುತ್ತ ಬಿಡುತ್ತ ಹತ್ತಿರ ತರಿಸುತ್ತಿದ್ದರು.

"ಎಳದ್ರ ತಡೀರಿ. ಚುಚ್ಚಿದ್ರ ಬಿಡ್ರಿ" ಎನ್ನುತ್ತಿದ್ದರು. ತೊಡೆಯ ಹೊರಗೆ, ಹಿಂದೆ ಎಳೆದಂತಾದರೆ ಅದು ಕೆಲಸ ಮಾಡುವ ನೋವು. ಸಂದಿಯ ಒಳಗೆ ಚುಚ್ಚಿದರೆ, ಚಿವುಟಿದಂತಾದರೆ, ಅಲ್ಲಿಗೆ ನಿಲ್ಲಿಸಬೇಕು. ಹಲ್ಲು ಕಚ್ಚಿ ತಡೆದುಕೊಳ್ಳುವವರನ್ನು ಅವರು ಬೈಯುತ್ತಿದ್ದರು. ನೂಲು ವ್ಯಾಪಾರಿಯೊಬ್ಬರು ಮುಖ ಕೆಂಪಗೆ ಮಾಡಿಕೊಂಡು ಮಂಡಿಯನ್ನು ಕೈಯಿಂದ ಒತ್ತುತ್ತಿದ್ದಾಗ ಅವರ ಕೈ ಹಿಡಿದು ಎತ್ತಿ, "ಸಾವಕಾರ್ರ, ನೆಲ ಎಲ್ಲಿಗೂ ಓಡಿ ಹೋಗಾಂಗಿಲ್ರಿ. ಮಂಡಿ ನೆಲಕ್ಕ ಹೋಗಾಕ ಒಲ್ಲೆ ಅಂತಂದ್ರ, ನೆಲಾನs ಮಂಡಿ ಕಡೆ ತರ್ರಿ" ಎಂದರು. ಇದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಆದಿತ್ಯವಾರ ಆಸನ ಹೇಳಿಕೊಡಲು ಲಕ್ಷ್ಮೇಶ್ವರಕ್ಕೋ ಶಿರಹಟ್ಟಿಗೋ ಹೋಗುತ್ತಿದ್ದರು. ಕೆಲವೊಮ್ಮೆ ನಾನೂ ಸುದ್ದಿಯ ನೆಪದಲ್ಲಿ ಅದೇ ಮೋಟಾರು ಹತ್ತುತ್ತಿದ್ದೆ. ಆ ಎರಡೂ ಊರುಗಳು ಸಂಸ್ಥಾನಗಳ ಕೈಯಿಂದ ಆಗತಾನೆ ಮುಂಬಯಿ ಸರಕಾರಕ್ಕೆ ಸೇರಿದ್ದವು. ಲಕ್ಷ್ಮೇಶ್ವರದಲ್ಲಿ ಹತ್ತಿಯ ಅಡತಿ ಅಂಗಡಿಯ ಮಾಲೀಕರೊಬ್ಬರಿದ್ದರು. ದಿನವಿಡೀ ಗಾದಿಯ ಮೇಲೆ ಬಲಗಾಲು ಮಡಚಿ, ಎಡಗಾಲು ಎತ್ತಿ ಕೂತು ಅವರಿಗೆ ಬಲಗಡೆಯ ಸಂದು ಹಿಡಿದುಹೋಗಿತ್ತು. ಪ್ರತಿ ಗಿರಾಕಿಗೂ ಒಮ್ಮೆ ಕಾಲು ಬದಲಿಸಬೇಕೆಂದು ಮಾಸ್ತರರು ಹೇಳಿದರು.

"ಹಂಗ ಆಗಾಂಗಿಲ್ರಿ ಮಾಸ್ತರ. ನಮ್ಮಪ್ಪನೂ ಹಿಂಗs ಕುಂಡ್ರತಿದ್ದ, ನಮ್ಮಜ್ಜನೂ ಹಿಂಗs ಕುಂಡ್ರತಿದ್ದ."

"ಅದಕ್ಕs ನಿಮ್ಮಪ್ಪನೂ ಕುಂಟತಿದ್ರು, ನಿಮ್ಮಜ್ಜನೂ ಕುಂಟತಿದ್ರು. ರಾಜರ ಆಳಿಕಿನs ಹೋತಂತ್ರಿ ಸಾವಕಾರ್ರ. ನಿಮ್ಮ ಬಲಗಾಲಿಂದೂ ಸಂಸ್ಥಾನ ಇಳಸ್ರಿ ಇನ್ನ."

ಅಂಗಡಿಯ ಗುಮಾಸ್ತರು ನಕ್ಕರು. ಸಾವಕಾರರು ನಗಲಿಲ್ಲ. ಆದರೆ ಕಾಲು ಬದಲಿಸಿದರು.

ಮಾಸ್ತರರ ಮನೆಯವರನ್ನು ನಾನು ವೈನಿ ಎನ್ನುತ್ತಿದ್ದೆ, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ. ವೈನಿ ಎಡಗಾಲು ಎಳೆದು ಹಾಕುತ್ತಿದ್ದರು. ನೆಲಕ್ಕೆ ಕೂರುತ್ತಿರಲಿಲ್ಲ. ಅವರಿಗಾಗಿ ಒಲೆಯನ್ನು ಕಟ್ಟೆಯ ಮೇಲೆ ಏರಿಸಿದ್ದರು, ಬೀಸುವ ಕಲ್ಲಿಗೂ ಎತ್ತರದ ಕಟ್ಟೆ ಕಟ್ಟಿಸಿದ್ದರು. ಆ ಕಾಲಕ್ಕೆ ಬೆಟಗೇರಿಯಲ್ಲಿ ನಿಂತು ಅಡಿಗೆ ಮಾಡುವ ಮನೆ ಅದೊಂದೇ ಇದ್ದಿರಬೇಕು. ಮಾತಿನಲ್ಲಿ ಅವರು ಮಾಸ್ತರರಿಗಿಂತ ಚುರುಕು.

ಹೆಂಗಸರು ಬಂದರೆ ಪಡಸಾಲೆ ದಾಟಿ ಒಳಗೆ ವೈನಿಯ ಹತ್ತಿರ ಹೋಗುತ್ತಿದ್ದರು. ಕುರ್ತಕೋಟಿಯ ಎರೆ ಹೊಲಗಳಲ್ಲಿ ದಿನವೆಲ್ಲ ಕುಕ್ಕರಗಾಲಿನಲ್ಲಿ ಕಳೆ ತೆಗೆಯುವವರು, ಮಗ್ಗದ ಉದ್ದನೂಲಿನ ಉಂಕಿ ಹಾಸುವ ಮನೆಯವರು. ತೊಡೆಯ ಸಂದಿಯ ಮಾತನ್ನು ಗಂಡಸಿನ ಕಿವಿಗೆ ಬೀಳುವ ಹಾಗೆ ಯಾರು ಆಡುತ್ತಾರೆ? ಎಲ್ಲರೂ ಟೊಂಕ ಎನ್ನುತ್ತಿದ್ದರು. ಅದಕ್ಕೆ ವೈನಿ ಚಕ್ಕಡಿಯ ಹೆಸರುಗಳನ್ನು ಹಚ್ಚಿದ್ದರು. ಬೆನ್ನಿನ ಕೆಳಗಿನದು ನೊಗ. ಹೊರಮಗ್ಗುಲಿನದು ಗಾಲಿ. ಒಳಗಿನ ಸಂದು ಅಚ್ಚು. ಒಳಗೆ ಹೆಂಗಸು ಬೆರಳಿಟ್ಟು ತೋರಿಸಿದರೆ ವೈನಿ ಹೊರಗೆ ಕೂಗುತ್ತಿದ್ದರು:

"ಅಚ್ಚಿಂದು ಐತ್ರಿ!"

"ಎಡದ್ದೋ ಬಲದ್ದೋ?" ಎಂದು ಮಾಸ್ತರರು ಪಡಸಾಲೆಯಿಂದ.

"ಬಲದ್ದು. ಏಳುಮುಂದ ಕಟಕ್ ಅಂತೈತಂತ."

ಹಮ್ಮಿಗಿಯ ರೈತನೊಬ್ಬ ಇದನ್ನು ಬೀದಿಯಿಂದ ಕೇಳಿ, ಎತ್ತು ನಿಲ್ಲಿಸಿ, "ಇಲ್ಲಿ ಗಾಡಿ ದುರಸ್ತಿ ಮಾಡ್ತಾರೇನ್ರಿ?" ಎಂದು ಒಳಗೆ ಬಂದದ್ದನ್ನು ನಾನೇ ಕಂಡಿದ್ದೇನೆ. ವೈನಿ ಬಾಗಿಲಿಗೆ ಬಂದು, "ಮಾಡ್ತೇವಪಾ. ಆದ್ರ ಗಾಡೀದಲ್ಲ, ಹೊಡ್ಯಾಂವಂದು" ಎಂದರು.

ಈ ಹೆಸರುಗಳು ಏಕೆ ಬೇಕಾದವೆಂದು ಒಂದು ಮಧ್ಯಾಹ್ನ ವೈನಿಯೇ ಹೇಳಿದರು. ಮಾಸ್ತರರು ಎದುರಿಗೇ ಕೂತಿದ್ದರು.

ಮದುವೆಯಾದ ಹೊಸದರಲ್ಲಿ ಮಾಸ್ತರರು ಬೇರೆ ಮನುಷ್ಯ. ಮಂಡಿ ನೆಲ ಮುಟ್ಟದಿದ್ದರೆ ಅದು ಆಸನವೇ ಅಲ್ಲ ಎನ್ನುತ್ತಿದ್ದವರು. ಶಿಷ್ಯರ ತೊಡೆಯ ಮೇಲೆ ಅಂಗೈ ಊರಿ ಒತ್ತುತ್ತಿದ್ದರು. ಹೆರಿಗೆಯಾದ ಮೇಲೆ ವೈನಿಗೆ ಎಡಗಾಲಿನ ಸಂದಿಯಲ್ಲಿ ನೋವು ಸುರುವಾಯಿತು. ಗಂಡನಿಗೆ ಹೇಳಿದರು, ಟೊಂಕ ನೋವು ಎಂದು. ಅವರು ಅದನ್ನು ಬೆನ್ನಿನದೆಂದೇ ತಿಳಿದರು. ಮುಂದಕ್ಕೆ ಬಗ್ಗುವ ಆಸನ ಹೇಳಿಕೊಟ್ಟರು. ಭದ್ರಾಸನ ಹಾಕಿಸಿದರು: ಅಂಗಾಲು ಜೋಡಿಸಿ, ಹಿಮ್ಮಡಿಯನ್ನು ಮೈಗೆ ಒತ್ತಿ, ಮಂಡಿ ಅಗಲಿಸಿ ನೆಲಕ್ಕೆ. ನೋವು ಹೆಚ್ಚಾದಷ್ಟೂ ಹೆಚ್ಚು ಹೊತ್ತು ಕೂರಿಸಿದರು. ಒಂದು ದಿನ ಮಂಡಿಯನ್ನು ತಾವೇ ಒತ್ತಿದರು. ಒಳಗೆ ಏನೋ ಸದ್ದಾಯಿತು. ಅಂದಿನಿಂದ ವೈನಿಯ ಕಾಲು ಸರಿಯಾಗಲಿಲ್ಲ.

"ಈಗ ಊರಿಗೆಲ್ಲಾ ಬೆರಳಿಟ್ಟು ತೋರಸ್ರಿ ಅಂತಾರ ತಮ್ಮಾ" ಎಂದರು ವೈನಿ. "ನನಗ ಆವಾಗ ಒಂದ ಸಲ ಕೇಳಿಲ್ಲ."

"ಕೇಳಿದ್ರ ತೋರಸ್ತಿದ್ದೇನು?" ಎಂದರು ಮಾಸ್ತರರು ನೆಲ ನೋಡುತ್ತ.

"ಎಲ್ಲಿ ತೋರಸ್ಲಿ? ನಿಮ್ಮವ್ವ ಅಲ್ಲೇ ಕುಂತಿದ್ರು."

ಇಬ್ಬರೂ ನಕ್ಕರು. ಮಾಸ್ತರರ ನಗೆ ಬೇಗ ನಿಂತಿತು. ಆ ಸದ್ದಾದ ಮರುದಿನದಿಂದ ಅವರು ಯಾರ ಮೈಯನ್ನೂ ಕೈಯಿಂದ ಒತ್ತಲಿಲ್ಲ. ಕೌದಿ ಬಂದದ್ದು ಆಗ. ಮೊದಲ ಕೌದಿಗಳು ವೈನಿ ಹೊಲಿದವು.

ಅವರಿಗೆ ಒಬ್ಬಳೇ ಮಗಳು. 1955ರ ದಸರೆಯ ಹೊತ್ತಿಗೆ ಅವಳಿಗೆ ಮುಂಡರಗಿಯ ವರ ಗೊತ್ತಾಯಿತು. ಕಿರಾಣಿ ವ್ಯಾಪಾರದ ಮನೆತನ, ಡಂಬಳದ ಕಡೆ ಹೊಲ. ಮದುವೆ ಬರುವ ವೈಶಾಖದಲ್ಲಿ ಬೆಟಗೇರಿಯಲ್ಲೇ ಎಂದು ಮಾತಾಯಿತು. ಮಾತು ಮುಗಿದ ದಿನ ವೈನಿ ನನಗೆ ಹೇಳಿದ್ದು ಒಂದೇ: "ಧಾರಿಗೆ ನಾನs ಕುಂಡ್ರಾಕಿ."

ಇದರ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗಳನ್ನು ಧಾರೆ ಎರೆದು ಕೊಡುವಾಗ ತಂದೆತಾಯಿ ಮಣೆಯ ಮೇಲೆ ಕಾಲು ಮಡಚಿ ಜೋಡಿಯಾಗಿ ಕೂರಬೇಕು. ವರನ ಪಾದ ತೊಳೆಯಬೇಕು, ನೀರು ಬಿಡಬೇಕು. ಮಂತ್ರ ಮುಗಿಯುವವರೆಗೆ ಏಳುವ ಹಾಗಿಲ್ಲ. ತಾಯಿಗೆ ಕೂರಲು ಆಗದಿದ್ದರೆ ಚಿಕ್ಕಪ್ಪ ಚಿಕ್ಕಮ್ಮ ಕೂರುತ್ತಾರೆ. ಹೆತ್ತವರು ಹಿಂದೆ ನಿಂತು ನೋಡುತ್ತಾರೆ. ಮಾಸ್ತರರ ತಮ್ಮನೂ ಅವನ ಹೆಂಡತಿಯೂ ಸಿದ್ಧರಿದ್ದರು. ವೈನಿ ಸಿದ್ಧರಿರಲಿಲ್ಲ.

ಆ ಚಳಿಗಾಲದಲ್ಲಿ ಮಾಸ್ತರರು ಮಾಡಿದ ಕೆಲಸವನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ವೈನಿಯನ್ನು ಮಂಚದ ಅಂಚಿಗೆ ಕೂರಿಸಿ ಎಡಗಾಲನ್ನು ಬರಿದೆ ತೂಗಿಸಿದರು. ಆಮೇಲೆ ಎತ್ತರದ ಕೌದಿಯ ರಾಶಿಯ ಮೇಲೆ. ಬಲಗಾಲು ಮಡಚಿದ್ದು, ಎಡಗಾಲು ಮುಂದಕ್ಕೆ ಚಾಚಿದ್ದು. ಸಂಕ್ರಮಣದ ಹೊತ್ತಿಗೆ ಎಡಗಾಲೂ ತುಸು ಮಡಚಿತು, ಮಂಡಿಯ ಕೆಳಗೆ ದಪ್ಪ ಸುರುಳಿ ಇದ್ದರೆ. ರಾಶಿಯಿಂದ ಒಂದೊಂದೇ ಮಡಿಕೆ ತೆಗೆದರು. ಒಂದು ದಿನ ವೈನಿಯ ಮುಖ ನೋಡಿ, ತೆಗೆದ ಮಡಿಕೆಯನ್ನು ಮತ್ತೆ ಒಳಗಿಟ್ಟರು.

"ಇನ್ನ ತಗಿಬ್ಯಾಡ. ಇಷ್ಟs ಇರ್ಲಿ."

"ಚುಚ್ಚಲಿಲ್ರೀ."

"ನೀ ಚುಚ್ಚಲಿಲ್ಲ ಅಂತಿ. ನಿನ್ನ ಹುಬ್ಬು ಚುಚ್ಚತು ಅಂತೈತಿ. ನಾ ಹುಬ್ಬಿನ ಮಾತು ಕೇಳಾಂವ."

ಆ ಎತ್ತರದಲ್ಲಿ ವೈನಿ ಒಂದು ಹಾಡು ಪೂರ್ತಿ ಹಾಡಿ ಮುಗಿಸುವಷ್ಟು ಹೊತ್ತು ಕೂತರು. ಯುಗಾದಿಯ ಹೊತ್ತಿಗೆ ಒಂದು ಧಾರೆ ಮುಗಿಯುವಷ್ಟು ಹೊತ್ತು ಕೂತರು. ಬೇವು ಬೆಲ್ಲ ಕೊಡುತ್ತ ನನಗೆ ಹೇಳಿದರು, "ತಮ್ಮಾ, ನಿಮ್ಮ ಪೇಪರಿನಾಗ ಹಾಕು. ಬೆಟಗೇರ್ಯಾಗ ಒಬ್ಬಾಕಿ ಕುಂತ್ಲು ಅಂತ." ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಮದುವೆಯ ದಿನ ಹಂದರದಲ್ಲಿ ಎಲ್ಲ ಸರಿಯಾಗಿತ್ತು. ಮಾಸ್ತರರು ನಸುಕಿನಲ್ಲೇ ಬಂದು ವೈನಿಯ ಮಣೆಯ ಮೇಲೆ ಕೌದಿಗಳನ್ನು ತಾವೇ ಮಡಿಸಿ ಇಟ್ಟು, ಮೇಲೆ ಒಂದು ಹಸಿರು ಖಣದ ಬಟ್ಟೆ ಮುಚ್ಚಿದ್ದರು. ವೈನಿ ಬಂದು ಕೂತರು. ಕಾಲು ಮಡಚಿದರು. ಪಕ್ಕದ ಮಣೆಯ ಮೇಲೆ ಮಾಸ್ತರರು. ಎದುರಿಗೆ ವರ ತನ್ನ ಮಣೆಯ ಮೇಲೆ ಕೂತ. ಆಗ ವರನ ಸೋದರತ್ತೆ ಮುಂದೆ ಬಂದರು. ಡಂಬಳದವರು, ಆ ಮನೆತನದಲ್ಲಿ ಹಿರಿಯರು.

"ಏನ ಇದು? ವರನ ಪಾದಾ ತೊಳ್ಯಾಕಿ ವರಗಿಂತ ಎತ್ತರ ಕುಂಡ್ರೂದs?"

ಮಾಸ್ತರರು ಎದ್ದು ನಿಂತರು. "ಅಕ್ಕಾರ, ಆಕಿ ಕಾಲಿಗೆ ಪೆಟ್ಟಾಗೇತ್ರಿ. ಎತ್ತರ ಇಲ್ದ ಕುಂಡ್ರಾಕ ಬರಾಂಗಿಲ್ಲ."

"ಬರಾಂಗಿಲ್ಲ ಅಂದ್ರ ಮೈದುನ, ನೆಗೆಣ್ಣಿ ಅದಾರಲ್ಲ. ಅವರು ಕುಂಡ್ರಲಿ. ಧಾರಿ ಹೊತ್ತಿನ್ಯಾಗ ನಮ್ಮ ಹುಡುಗ ವಿಷ್ಣು ಇದ್ದಂಗ. ದೇವರಗಿಂತ ಎತ್ತರ ಕುಂತು ಪಾದಾ ತೊಳಿಯೂದು ನಮ್ಮ ಮನಿತನದಾಗ ನಡದಿಲ್ಲ."

ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ. ಅವರಿಗೆ ಗೊತ್ತಿದ್ದ ರೀತಿ ಅದು. ಎಲ್ಲರೂ ಪುರೋಹಿತರ ಕಡೆ ನೋಡಿದರು. ಪುರೋಹಿತರು ಎರಡೂ ಕಡೆಯವರಿಗೆ ಬೇಕಾದವರು. "ಮುಹೂರ್ತ ಮೀರತೈತ್ರಿ. ಏನರ ಮಾಡ್ರಿ, ಜಲ್ದಿ ಮಾಡ್ರಿ" ಎಂದರು. ವರ ತಲೆ ತಗ್ಗಿಸಿ ಕೂತಿದ್ದ. ಮಾಸ್ತರರ ತಮ್ಮನ ಹೆಂಡತಿ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ನಿಂದ್ರವಾ" ಎಂದರು ವೈನಿ. "ನನ್ನ ಮಗಳ್ನ ನಾನs ಕೊಡತೇನಿ."

ಎದ್ದು, ಖಣದ ಬಟ್ಟೆಯನ್ನು ಸರಿಸಿ, ಕೌದಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಬರಿಯ ಮಣೆಯ ಮೇಲೆ ಕೂತರು. ಬಲಗಾಲು ಮಡಚಿದರು. ಎಡಗಾಲನ್ನು ಎರಡೂ ಕೈಯಿಂದ ಹಿಡಿದು ಒಳಗೆ ಎಳೆದುಕೊಂಡರು. ನಾನು ಗಂಡಸರ ಸಾಲಿನಲ್ಲಿ ಮುಂದೆಯೇ ಇದ್ದೆ. ಮಾಸ್ತರರು ಹೆಂಡತಿಯ ಹುಬ್ಬು ನೋಡುತ್ತಿದ್ದರು. ಅವರ ಬಾಯಿ ತೆರೆಯಿತು. ಮಾತು ಬರಲಿಲ್ಲ. ಹೆಗಲ ಮೇಲಿನ ಶಲ್ಯವನ್ನು ತೆಗೆದು ಮಡಿಸಿ ವೈನಿಯ ಎಡಮಂಡಿಯ ಕೆಳಗೆ ತುರುಕಿ, ಪಕ್ಕದಲ್ಲಿ ಕೂತುಕೊಂಡರು. ಶಲ್ಯ ತೆಳ್ಳಗಿತ್ತು.

ಧಾರೆ ನಡೆಯಿತು. ವೈನಿ ವರನ ಪಾದ ತೊಳೆದರು. ನೀರು ಬಿಟ್ಟರು. ಮಂತ್ರ ಮುಗಿದಾಗ ಗಂಡನ ಕಡೆ ಬಾಗಿ, "ಎಡಗಾಲು ಎಲ್ಲೈತಿ ತಿಳೀವಲ್ದ್ರೀ" ಎಂದರು. ಮಾಸ್ತರರು ತೋಳು ಹಿಡಿಯುವ ಮೊದಲೇ ವೈನಿ ಏಳಲು ಹೋದರು. ಕಾಲು ಜೋಮು ಹಿಡಿದಿತ್ತು. ಮಣೆಯ ಅಂಚಿನ ಮೇಲೆ, ಎಡಮಗ್ಗುಲಿಗೆ ಬಿದ್ದರು.

ಹೆಂಗಸರು ಚೀರಿದರು. ವೈನಿ ಬಿದ್ದಲ್ಲಿಂದಲೇ, "ತಾಳಿ ಕಟ್ಟಸ್ರಿ. ನಿಂದ್ರಸಬ್ಯಾಡ್ರಿ" ಎಂದರು. ಅವರನ್ನು ಹಂದರದ ಪಕ್ಕಕ್ಕೆ, ತೆಗೆದಿಟ್ಟ ಕೌದಿಗಳ ಮೇಲೆ ಮಲಗಿಸಿದರು. ಅವರು ಅಲ್ಲಿಂದಲೇ ಮಗಳ ತಾಳಿ ನೋಡಿದರು, ಅಕ್ಕಿಕಾಳು ಹಾಕಿದರು. ಆಮೇಲೆ ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದೆವು.

ತೊಡೆಯ ಎಲುಬು ಸಂದಿಯ ಹತ್ತಿರ ಮುರಿದಿತ್ತು. ಇನ್ನು ಆ ಕಾಲು ಭಾರ ಹೊರುವುದು ಕಷ್ಟ ಎಂದು ಡಾಕ್ಟರರು ಹೇಳಿದರು. ಕೂತದ್ದರಿಂದ ಹೀಗಾಯಿತು ಎಂದು ಅವರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಮಾಸ್ತರರು ಕೇಳಲಿಲ್ಲ.

ಆ ಮಳೆಗಾಲದಲ್ಲಿ ಪಡಸಾಲೆಯ ಪಾಠ ನಿಂತಿತು. ವೈನಿಯ ಆರೈಕೆಗೆ ಹೊತ್ತು ಬೇಕು, ಸ್ವಲ್ಪ ದಿನ ನಿಲ್ಲಿಸಿದ್ದಾರೆ ಎಂದು ನಾವೆಲ್ಲ ತಿಳಿದೆವು. ನಾಡಹಬ್ಬದ ಸಮಿತಿಯವರೂ ಹಾಗೇ ತಿಳಿದು, ನವೆಂಬರ್ ಒಂದರ ಪ್ರದರ್ಶನಕ್ಕೆ ಅವರ ಹೆಸರು ಹಾಕಿದರು. ಅವರು ಹೂಂ ಎಂದಿದ್ದರಂತೆ.

ಆ ದಿನ ಬಯಲಿನಿಂದ ನಾನು ನೇರ ಅವರ ಮನೆಗೆ ಹೋದೆ. ಮಾಸ್ತರರು ಕಟ್ಟೆಯ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದರು. ವೈನಿ ಒಳಗಿನ ಕೋಣೆಯ ಮಂಚದ ಮೇಲಿದ್ದರು. ನನ್ನ ಸದ್ದು ಕೇಳಿ ಅಲ್ಲಿಂದಲೇ ಮಾತಾಡಿದರು.

"ಬಾ ತಮ್ಮಾ. ಕನ್ನಡ ನಾಡು ಒಂದಾತಂತಲ್ಲ. ಇವರ ರೊಟ್ಟಿ ನೋಡು, ಇನ್ನೂ ಐದು ತುಂಡs ಅದಾವ."

ಮಾಸ್ತರರು ಹರಿದ ರೊಟ್ಟಿಯನ್ನು ಹಂಚಿನ ಮೇಲೆ ಕೂಡಿಸಲು ನೋಡುತ್ತಿದ್ದರು. ಬಯಲಿಗೆ ಏಕೆ ಬರಲಿಲ್ಲವೆಂದು ಕೇಳಿದೆ.

"ಹೊಂಟಿದ್ನ್ರೀ. ಚಡ್ಡಿನೂ ಹಾಕ್ಕೊಂಡಿದ್ದೆ. ಮಂದಿ ಮುಂದ ನಿಂತು ಏನ ಹೇಳ್ಲಿ? ಚುಚ್ಚಿದ್ರ ಬಿಡ್ರಿ ಅಂತ ಹೇಳ್ಲೇನು? ಹಂದರದಾಗ ಆ ಮಾತು ನನ್ನ ಬಾಯಾಗಿಂದ ಹೊರಗs ಬರ್ಲಿಲ್ಲ."

ರೊಟ್ಟಿ ತಿರುವಿ ಹಾಕಿದರು.

"ಅದೂ ಹೋಗ್ಲಿ. ಮೊನ್ನೆ ಇಕಿ ಹಾಸಿಗಿ ಮಡಸೂಮುಂದ ಹೊಳೀತು. ಅಳಿಯನ ಮಣಿ ಕೆಳಗ ಇಕಿಗಿಂತ ಎರಡು ಕೌದಿ ಹೆಚ್ಚು ಹಾಕಿದ್ರ ಮುಗೀತಿತ್ತು. ಅವನೂ ಏರ್ತಿದ್ದ, ಇಕಿ ಅವನಗಿಂತ ಕೆಳಗs ಇರ್ತಿದ್ಲು. ಅವರ ಅತ್ತೀನೂ ಸುಮ್ಮನಾಗ್ತಿದ್ರು. ಇಷ್ಟು ವರ್ಷ ಊರ ಮಂದಿಗೆಲ್ಲಾ ಮಾಡಿದ ಕೆಲಸs ಅದು. ಮನ್ಯಾಗ ರಾಶಿ ಕೌದಿ ಬಿದ್ದಿದ್ವು. ನನಗ ಹೊಳೀಲಿಲ್ಲ."

ಹಂದರದಲ್ಲಿದ್ದ ಯಾರಿಗೂ ಅದು ಹೊಳೆದಿರಲಿಲ್ಲ. ಹಾಗೆಂದು ಹೇಳಿದೆ.

"ಅವರು ಯಾರೂ ಕೌದಿ ಮಾಸ್ತರಲ್ಲ" ಎಂದರು.

ಒಳಗಿನಿಂದ ವೈನಿ, "ಆತ ಬಿಡ್ರಿ. ರೊಟ್ಟಿ ಹೊತ್ತತೈತಿ" ಎಂದರು.

ನಾನು ಹೊರಡುವಾಗ ಬಾಗಿಲವರೆಗೂ ಬಂದು, ಇದನ್ನು ಬರೆಯಬೇಡಿರೆಂದು ಮಾಸ್ತರರು ಹೇಳಿದರು. ತಮ್ಮ ಜೀವ ಇರುವತನಕ ಎಂದು ಸೇರಿಸಿದರು.

ಅವರು ಆಮೇಲೆ ಆಸನ ಹೇಳಿಕೊಡಲಿಲ್ಲ. ಕೆಲವರು ಹೆಗಲ ಮೇಲೆ ಕೌದಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತದ್ದುಂಟು. ಅವರಿಗೆ ಚಹಾ ಕೊಟ್ಟು ಕಳಿಸುತ್ತಿದ್ದರು. ಲಕ್ಷ್ಮೇಶ್ವರದ ಅಡತಿ ಅಂಗಡಿಯವರು ಮೋಟಾರು ಮಾಡಿಕೊಂಡು ಬಂದು ಬಹಳ ಹೇಳಿದರು. "ನಿಮಗ ಗೊತ್ತಿದ್ದಷ್ಟs ನನಗೂ ಗೊತ್ತೈತ್ರಿ ಸಾವಕಾರ್ರ. ಕಾಲು ಬದಲಿ ಮಾಡ್ರಿ" ಎಂದರಂತೆ. ನನಗೆ ಒಂದು ಚಳಿಗಾಲ ಮತ್ತೆ ಸಂದು ಹಿಡಿದಾಗ ನಾನೂ ಹೋಗಿ ಕೇಳಲಿಲ್ಲ. ಅವರು ಕಲಿಸಿದ್ದನ್ನು ಮನೆಯಲ್ಲೇ ಮಾಡಿದೆ. ಅರ್ಧ ಮರೆತುಹೋಗಿತ್ತು. ಯಾವ ನೋವಿಗೆ ಯಾವ ಎತ್ತರ ಎಂಬುದು ಅವರ ಕಣ್ಣಿನಲ್ಲಿತ್ತು. ಅದನ್ನು ಯಾರೂ ಕಲಿತುಕೊಂಡಿರಲಿಲ್ಲ.

ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಹೋದ ವರ್ಷ ಮುಂಗಾರಿನ ಮೊದಲು ಬೆಟಗೇರಿಯಲ್ಲೇ ತೀರಿಕೊಂಡರು. ಪತ್ರಿಕೆಯಲ್ಲಿ ನಾನು ಕೊಟ್ಟ ಸುದ್ದಿ ಎರಡು ಸಾಲು. ನೇಕಾರರ ಓಣಿಯ ಮನೆಯನ್ನು ಈಗ ನೂಲು ಇಡುವುದಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ.

ವೈನಿ ಮುಂಡರಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಈ ದೀಪಾವಳಿಯ ಮರುವಾರ ಅಲ್ಲಿಗೆ ಹೋಗಿದ್ದೆ. ಕಾಲು ಊರುವುದಕ್ಕೆ ಆಗುವುದಿಲ್ಲ. ಬೆಳಿಗ್ಗೆ ಬಿಸಿಲು ಬಂದಾಗ ಅಳಿಯ ಅಂಗಡಿಯಿಂದ ಎದ್ದು ಒಳಗೆ ಹೋಗುತ್ತಾರೆ. ಅತ್ತೆಯನ್ನು ಎರಡೂ ಕೈಗಳಲ್ಲಿ ಎತ್ತಿ ತಂದು ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಾರೆ, ಬಿಸಿಲು ಏರಿದ ಮೇಲೆ ಮತ್ತೆ ಎತ್ತಿ ಒಳಗೆ ಒಯ್ಯುತ್ತಾರೆ.